ಬೀರುವಿನ ಕೀಲಿ ಏಳನೇ ಕ್ಲಾಸಿನ ಕೈಗೆ

ಶನಿವಾರದ ಬೆಳಗಿನ ಶಾಲೆ. ದಾವಣಗೆರೆಯ ಹಳೇ ಊರಿನ ಓಣಿಗಳಿಗೆ ಬಿಸಿಲು ಇನ್ನೂ ಪೂರ್ತಿ ಇಳಿದಿಲ್ಲ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ಹುರಿದ ಘಮದ ಜೊತೆಗೆ ಹೊಗೆಯ ಕಮಟೂ ತೇಲಿ ಬರುತ್ತದೆ. ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಕಾವಲಿ ಚುಂಯ್ ಅನ್ನುತ್ತಿದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿನೊಳಗೆ ಪ್ರಾರ್ಥನೆ ಮುಗಿದು ಸಾಲು ಚದುರಿದ್ದೇ ತಡ, ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮುಖ್ಯೋಪಾಧ್ಯಾಯರ ಕೋಣೆಗೆ ಓಡುತ್ತಾಳೆ. ಅವಳ ಕೊರಳಲ್ಲಿ ಗುರುತಿನ ಚೀಟಿಯ ನೀಲಿ ಪಟ್ಟಿ ಇದೆ. ಅದರ ತುದಿಯಲ್ಲಿ ಚೀಟಿ ಇಲ್ಲ, ಒಂದು ಕೀಲಿ ಇದೆ.

ಹಸಿರು ಬಣ್ಣ ಎದ್ದುಹೋದ ಕಬ್ಬಿಣದ ಬೀರು ಅದು. ಬಾಗಿಲನ್ನು ಸ್ವಲ್ಪ ಮೇಲೆತ್ತಿ ಎಳೆದರೆ ಮಾತ್ರ ತೆರೆಯುತ್ತದೆ. ಆ ಉಪಾಯ ಅವಳಿಗೆ ಗೊತ್ತು. ಒಳಗಿಂದ ನುಸಿಗುಳಿಗೆಯ ವಾಸನೆ. ಇಬ್ಬರು ಹುಡುಗರು ನೈಲಾನ್ ಹಗ್ಗ ಹಿಡಿದು ವರಾಂಡದ ಕಂಬದಿಂದ ಕಂಬಕ್ಕೆ ಬಿಗಿಯುತ್ತಾರೆ. ಇನ್ನೊಬ್ಬಳ ಲಂಗದ ಮಡಿಲಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಹತ್ತು ನಿಮಿಷದಲ್ಲಿ ವರಾಂಡದ ಉದ್ದಕ್ಕೂ ಪುಸ್ತಕಗಳು ಮುಖ ತೋರಿಸಿಕೊಂಡು ತೂಗುತ್ತವೆ. ಹುಲಿಯ ಮುಖ, ರಾಕೆಟ್ಟು, ಬೋಳು ತಲೆಯ ಗಾಂಧಿ, ಬಾವಲಿ, ಹಸಿರು ಪರಕಾರ ತೊಟ್ಟ ಹುಡುಗಿ. ಹಗ್ಗವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದರ ಬಗ್ಗೆ ಆರನೇ ಕ್ಲಾಸಿನವರಿಗೂ ಏಳರವರಿಗೂ ಜಗಳ ಆಗುವುದುಂಟು. ಆರನೇ ಕ್ಲಾಸಿನ ಕುಳ್ಳನೆಯ ಹುಡುಗನ ಕಣ್ಣಿನ ಮಟ್ಟಕ್ಕೆ ಬರಬೇಕು ಎಂದು ಟೀಚರ್ ತೀರ್ಮಾನ ಕೊಡುತ್ತಾರೆ.

ಈ ನೋಟ ಎಲ್ಲ ಶಾಲೆಯಲ್ಲಿ ಸಿಗುವುದಿಲ್ಲ. ಬೀರು ಮಾತ್ರ ಎಲ್ಲ ಕಡೆಯೂ ಇದೆ. ಅದನ್ನು ತೆರೆದು ನೋಡಿದರೆ ನಮ್ಮ ಶಿಕ್ಷಣದ ಯೋಜನೆಗಳೆಲ್ಲ ಪದರ ಪದರವಾಗಿ ಕೂತಿರುತ್ತವೆ. ತಳದಲ್ಲಿ 1987ರಲ್ಲಿ ಶುರುವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಕಾಲದ ಪುಸ್ತಕಗಳು, ಹಾಳೆ ಹಳದಿಯಾಗಿ, ಪಿನ್ನು ತುಕ್ಕು ಹಿಡಿದು. ಅದರ ಮೇಲೆ ಸರ್ವ ಶಿಕ್ಷಣ ಅಭಿಯಾನದ್ದು. ಅದರ ಮೇಲೆ 2018ರಿಂದ ಬಂದ ಸಮಗ್ರ ಶಿಕ್ಷಣದ ಅನುದಾನದ್ದು. ಶಾಲೆಯ ಮಟ್ಟ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯಕ್ಕೆ ಕೊಡಲು ಆ ಯೋಜನೆಯಲ್ಲಿ ಅವಕಾಶವಿದೆ. ನಡುವೆ ಯಾರೋ ದಾನ ಕೊಟ್ಟ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಅಂಗೈಯಗಲದ ಪುಸ್ತಕಗಳು. ಎಪ್ಪತ್ತರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಇಂಥವು 510 ಬಂದವು. ಒಂದು ಕಾಲಕ್ಕೆ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓದಿದವರು ಈಗ ಅಜ್ಜಂದಿರಾಗಿದ್ದಾರೆ. ಪುಸ್ತಕ ಇಲ್ಲ ಅನ್ನುವುದು ಹೆಚ್ಚಿನ ಶಾಲೆಗಳ ಮಟ್ಟಿಗೆ ಪೂರ್ತಿ ನಿಜವಲ್ಲ. ಹಲವು ಪುಸ್ತಕಗಳ ಹಾಳೆಗಳು ಅಚ್ಚಿನ ಮನೆಯಿಂದ ಬಂದ ಹಾಗೆಯೇ ಒಂದಕ್ಕೊಂದು ಅಂಟಿಕೊಂಡಿವೆ. ಮೂವತ್ತು ವರ್ಷದಲ್ಲಿ ಒಂದು ಬೆರಳೂ ಅವನ್ನು ಬಿಡಿಸಿಲ್ಲ.

ಬೀಗ ಹಾಕಿದವರನ್ನು ದೂರುವುದು ಸುಲಭ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ ಬರೆಯುವ ಮೇಷ್ಟ್ರ ಹೆಗಲಿಗೇ ಗ್ರಂಥಾಲಯವೂ ಬೀಳುತ್ತದೆ. ದಾಸ್ತಾನು ವಹಿಯಲ್ಲಿ 412 ಎಂದಿದ್ದರೆ ಬೀರುವಿನಲ್ಲೂ 412 ಇರಬೇಕು. ವರ್ಗಾವಣೆಯಾದಾಗ ಎಣಿಸಿ ಒಪ್ಪಿಸಬೇಕು. ‘ಹುಡ್ರು ಮನೆಗೆ ತಗಂಡು ಹೋಗಿ ಕಳಕೊಂಡ್ರೆ ನನ್ನ ಸಂಬಳದಾಗ ಕಟ್ಟಬೇಕೇನ್ರಿ?’ ಎಂದು ಒಬ್ಬ ಮೇಷ್ಟ್ರು ಕೇಳಿದರೆ ಅದರಲ್ಲಿ ಸೋಮಾರಿತನ ಇಲ್ಲ, ಭಯ ಇದೆ.

ಆ ಭಯಕ್ಕೆ ಉತ್ತರ ಸರ್ಕಾರದ ಕಾಗದದಲ್ಲೇ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಪುಸ್ತಕಗಳಿಗೆಂದೇ ಒಂದು ನಿಯಮವುಂಟು: ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಲ್ಲದಿದ್ದರೆ ಸಾಕು. ನಮ್ಮ ಶಾಲೆಗಳು ರಾಜ್ಯದ ಆಡಳಿತಕ್ಕೆ ಸೇರಿದವು, ಆ ನಿಯಮ ನೇರವಾಗಿ ಇವಕ್ಕೆ ಅನ್ವಯಿಸದು. ಆದರೂ ಅದರ ಹಿಂದಿನ ವಿವೇಕವನ್ನು ಜಿಲ್ಲೆಯ ಪ್ರತಿ ಮುಖ್ಯೋಪಾಧ್ಯಾಯರ ಮೇಜಿನ ಗಾಜಿನಡಿ ಬರೆದು ಇಡಬೇಕು ಅನ್ನಿಸುತ್ತದೆ. ಅದರಲ್ಲೂ ‘ಓದಲು ಕೊಟ್ಟ’ ಅನ್ನುವುದನ್ನು ಗಮನಿಸಬೇಕು. ಬೀರುವಿನಲ್ಲಿ ಎಷ್ಟಿವೆ ಎಂದು ಅದು ಕೇಳುವುದೇ ಇಲ್ಲ. ಕೊಟ್ಟಷ್ಟೂ ಕಳೆಯುವ ಅವಕಾಶ ಹೆಚ್ಚು.

ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಬರೆದಾಗ ಮೊದಲನೆಯದಾಗಿ ಇಟ್ಟದ್ದು ಇದನ್ನೇ: ಪುಸ್ತಕ ಇರುವುದು ಬಳಸಲಿಕ್ಕೆ. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಸರಪಳಿ ಬಿಗಿದು ಕಪಾಟಿಗೆ ಕಟ್ಟಿರುತ್ತಿದ್ದ ಕಾಲದಿಂದ ಅವರು ಮಾತು ಶುರುಮಾಡುತ್ತಾರೆ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡರು. ಸರಪಳಿ ಹೋಗಿ ಬೀಗ ಬಂದಿರುವುದನ್ನು ಅವರು ನೋಡಿದ್ದರೆ ಏನನ್ನುತ್ತಿದ್ದರೋ.

ವರಾಂಡಕ್ಕೆ ಮರಳೋಣ. ಏಳನೇ ಕ್ಲಾಸಿನ ಟೀಚರ್ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಾರೆ. ಕೈಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಅನುಭವಗಳನ್ನು ತೇಜಸ್ವಿ ತಮ್ಮದೇ ಲಯದಲ್ಲಿ ಕನ್ನಡಕ್ಕೆ ತಂದದ್ದು. ಟೀಚರ್ ನಾಟಕ ಮಾಡುವುದಿಲ್ಲ, ದನಿ ಏರಿಸುವುದೂ ಇಲ್ಲ. ಸುಮ್ಮನೆ, ತಡೆಯಿಲ್ಲದೆ, ತಾವೇ ಕುತೂಹಲದಿಂದ ಓದುತ್ತಾರೆ. ಹಿಂದಿನ ಸಾಲಿನ ಹುಡುಗ ನಸುಕಿನಲ್ಲೆದ್ದು ಭಟ್ಟಿಯಲ್ಲಿ ಅಪ್ಪನಿಗೆ ಕೈಜೋಡಿಸಿ ಬಂದವನು. ಮೊದಮೊದಲು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಚಿರತೆಯ ಸುಳಿವು ಸಿಗುವ ಹೊತ್ತಿಗೆ ಮೊಣಕಾಲ ಮೇಲೆ ಗದ್ದ ಊರಿ ಮುಂದಕ್ಕೆ ಬಾಗಿದ್ದಾನೆ. ಸರಿಯಾಗಿ ಅಲ್ಲಿಗೆ ಟೀಚರ್ ಪುಸ್ತಕ ಮುಚ್ಚುತ್ತಾರೆ.

‘ಮಿಸ್! ಮುಂದೆ ಏನಾತು ಮಿಸ್?’

‘ಪುಸ್ತಕದಾಗ ಐತಿ. ಯಾರಿಗೆ ಬೇಕೋ ಅವರು ಹೆಸರು ಬರೆಸ್ರಿ.’

ಹೆಸರು ಬರೆಯುವವಳು ಕೀಲಿಯ ಹುಡುಗಿ. ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಅವಳೇ ಮಾಡಿಕೊಂಡ ಖಾನೆಗಳು: ಹೆಸರು, ಕ್ಲಾಸು, ಪುಸ್ತಕ, ಕೊಟ್ಟ ದಿನ, ತಂದ ದಿನ. ಕೊನೆಯಲ್ಲಿ ಟೀಚರ್ ಹೇಳಿರದ ಇನ್ನೊಂದು ಖಾನೆಯೂ ಇದೆ: ‘ಹೆಂಗಿತ್ತು’. ಅದರ ಕೆಳಗೆ ‘ಚೆನ್ನಾಗೈತೆ’, ‘ಬೋರು’, ‘ಅಳು ಬಂತು’, ‘ಚಿತ್ರ ಮಾತ್ರ ನೋಡಿದೆ’ ಎಂದೆಲ್ಲ ಬರೆದಿದೆ. ಶಿಕ್ಷಣ ಇಲಾಖೆಯ ಯಾವ ನಮೂನೆಯಲ್ಲೂ ಇಷ್ಟು ಉಪಯೋಗದ ಮಾಹಿತಿ ಇರಲಾರದು.

ಗಟ್ಟಿಯಾಗಿ ಓದಿ ಕೇಳಿಸುವುದು ಸಣ್ಣ ಮಕ್ಕಳಿಗೆ ಅನ್ನುವ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆರು, ಏಳು, ಎಂಟನೇ ಕ್ಲಾಸಿನವರಿಗೆ ಅದು ಇನ್ನೂ ಹೆಚ್ಚು ಬೇಕು. ನಲಿಕಲಿಯಲ್ಲಿ ಕಲಿತ ಮಗು ಮೂರನೇ ಕ್ಲಾಸಿನವರೆಗೆ ಬಣ್ಣದ ಕಾರ್ಡು, ಚಿತ್ರ, ಹಾಡುಗಳ ನಡುವೆ ಇರುತ್ತದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿ ರಾಜ್ಯವೆಲ್ಲ ಹಬ್ಬಿದ ಒಳ್ಳೆಯ ಪದ್ಧತಿ ಅದು. ನಾಲ್ಕಕ್ಕೆ ಬಂದ ಕೂಡಲೇ ಬಣ್ಣ ನಿಲ್ಲುತ್ತದೆ. ಆರಕ್ಕೆ ಬಂದರೆ ಸಮಾಜ ವಿಜ್ಞಾನದಲ್ಲಿ ‘ಸಾಮ್ರಾಜ್ಯ’, ‘ಶಾಸನ’, ವಿಜ್ಞಾನದಲ್ಲಿ ‘ದ್ಯುತಿಸಂಶ್ಲೇಷಣೆ’. ಅಕ್ಷರ ಕೂಡಿಸಿ ಓದುವ ಮಗು ವಾಕ್ಯದ ಕೊನೆ ತಲುಪುವುದರಲ್ಲಿ ಮೊದಲು ಏನಿತ್ತೆಂಬುದನ್ನೇ ಮರೆತಿರುತ್ತದೆ. ಎರಡನೇ ಕ್ಲಾಸಿನ ಮಟ್ಟದ ಪಠ್ಯವನ್ನು ಎಂಟನೆಯವರಲ್ಲೂ ಎಲ್ಲರೂ ಸರಾಗವಾಗಿ ಓದುವುದಿಲ್ಲವೆಂದು ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಇಂಥ ಹುಡುಗನಿಗೆ ಒಂದನೇ ಕ್ಲಾಸಿನ ಕಾಗೆ ಗುಬ್ಬಿಯ ಪುಸ್ತಕ ಕೊಟ್ಟರೆ ಅವನಿಗೆ ಅವಮಾನ. ಮೀಸೆ ಚಿಗುರುವ ಹೊತ್ತು ಅದು. ಅವನಿಗೆ ಬೇಕಾದದ್ದು ಸರಳ ಮಾತಿನಲ್ಲಿ ದೊಡ್ಡವರ ಕತೆ. ಕಿವಿಯಿಂದ ಒಳಗಿಳಿದ ಕತೆಯನ್ನು ಕಣ್ಣಿಂದ ಹುಡುಕುವಾಗ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಭಟ್ಟಿಯ ಹುಡುಗ ಆ ಚಿರತೆಯ ಪುಸ್ತಕವನ್ನು ಮೂರು ವಾರ ಇಟ್ಟುಕೊಂಡು ಮುಗಿಸಿದ. ಮಧ್ಯೆ ಎರಡು ಸಲ ಅವಧಿ ಮುಂದುವರಿಸಿಕೊಟ್ಟವಳು ಕೀಲಿಯ ಹುಡುಗಿಯೇ.

ಹಗ್ಗದ ಮೇಲೆ ಯಾವುದು ಮೊದಲು ಖಾಲಿಯಾಗುತ್ತದೆ ಎಂದು ನೋಡುತ್ತ ನಿಲ್ಲುವುದೇ ಒಂದು ಪಾಠ. ಮಹಾಪುರುಷರ ಚರಿತ್ರೆಗಳು ಬಹಳ ಹೊತ್ತು ಉಳಿಯುತ್ತವೆ, ದೊಡ್ಡವರು ಕೊಳ್ಳುವಾಗ ಹೆಚ್ಚು ಆರಿಸುವುದೂ ಅವನ್ನೇ. ಆದರೆ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ ಉಳಿಯಲಿಲ್ಲ. ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಬಂದದ್ದು ಅದಕ್ಕೆ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಮುಂದಿನ ವರ್ಷ ಅದೇ ಪುರಸ್ಕಾರ ಪಡೆಯಿತು. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಇತ್ತೀಚಿನವು. ಹನ್ನೆರಡು ಹದಿಮೂರರ ವಯಸ್ಸಿಗೆಂದೇ ಕನ್ನಡದಲ್ಲಿ ಬರೆಯುವವರಿದ್ದಾರೆ, ಒಳ್ಳೆಯದನ್ನೇ ಬರೆಯುತ್ತಿದ್ದಾರೆ. ಆ ಪುಸ್ತಕ ದಾವಣಗೆರೆಯ ಬಾಷಾ ನಗರದ ಹುಡುಗಿಯ ಕೈಗೆ ಸಿಗುವ ದಾರಿ ಮಾತ್ರ ಬಹಳ ಸಣ್ಣದು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಊರು ಇದು. ಪುಸ್ತಕದಂಗಡಿಗೆ ಹೋದರೆ ಗೈಡುಗಳು, ಪ್ರಶ್ನೋತ್ತರ ಮಾಲೆಗಳು ಛಾವಣಿ ಮುಟ್ಟಿರುತ್ತವೆ. 1949ರಲ್ಲಿ ಕನ್ನಡಕ್ಕೆ ಬಂದು ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತಿದ್ದ ‘ಚಂದಮಾಮ’ ನಿಂತು ಹತ್ತು ವರ್ಷ ಮೀರಿದೆ. ಹಾಗಾಗಿ ಬಡವರ ಮನೆಯ ಮಗುವಿಗೆ ಕತೆಯ ಪುಸ್ತಕ ಸಿಗುವ ಜಾಗವೆಂದರೆ ಶಾಲೆಯ ಆ ಬೀರುವೇ.

ಮನೆಮಾತು ಉರ್ದುವಾದ ಮಕ್ಕಳಿಗೆ ಇನ್ನೊಂದು ಕಷ್ಟ. ಅದಕ್ಕೂ ಈ ಶಾಲೆಯವರು ಒಂದು ದಾರಿ ಕಂಡುಕೊಂಡಿದ್ದಾರೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಹಲವು ಭಾಷೆಗಳ ಮಕ್ಕಳ ಕತೆಗಳು ಬಿಟ್ಟಿಯಾಗಿ ಸಿಗುತ್ತವೆ, ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಲು ಅನುಮತಿಯೂ ಇದೆ. ಒಂದೇ ಕತೆ ಕನ್ನಡದಲ್ಲೂ ಉರ್ದುವಿನಲ್ಲೂ ಸಿಕ್ಕರೆ ಎರಡನ್ನೂ ಜೋಡಿಸಿ ಪಿನ್ನು ಹೊಡೆಯುತ್ತಾರೆ. ಮಗಳು ಈ ಕಡೆಯಿಂದ ಓದಿದರೆ, ಮದರಸಾದಲ್ಲಿ ಅಕ್ಷರ ಕಲಿತ ತಾಯಿ ಆ ಕಡೆಯಿಂದ ಓದುತ್ತಾಳೆ.

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ದೊಡ್ಡಬಾತಿ ದಾಟಿ, ಭದ್ರಾ ಕಾಲುವೆಯ ನೀರುಂಡ ಗದ್ದೆಗಳ ನಡುವೆ ಹೋದರೆ ತುಂಗಭದ್ರೆಯ ದಂಡೆಯ ಊರು. ಇಲ್ಲಿನ ಹಳೆಯ ತಲೆಗಳಿಗೆ ಮೈಸೂರು ಕಿರ್ಲೋಸ್ಕರ್ ಎಂದರೆ ಈಗಲೂ ಎದೆ ಉಬ್ಬುತ್ತದೆ, ಆಮೇಲೆ ಮುಖ ಬಾಡುತ್ತದೆ. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿಕೊಟ್ಟ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಮೀರಿತು. ಹರಿಹರದ ಶಾಲೆಯೊಂದರಲ್ಲಿ ಆರನೇ ಕ್ಲಾಸಿನ ಹುಡುಗ ಯಂತ್ರಗಳ ಚಿತ್ರಪುಸ್ತಕ ಮನೆಗೆ ಒಯ್ದನಂತೆ. ಲೇತಿನ ಚಿತ್ರ ಕಂಡದ್ದೇ ಅವನಜ್ಜ ಕನ್ನಡಕ ತರಿಸಿ, ಪುಸ್ತಕ ಕಸಿದುಕೊಂಡು, ‘ಇದರಾಗೆ ಅರ್ಧ ಹೇಳ್ಯಾರ, ಟೂಲ್ ಹೆಂಗೆ ಕೂಡ್ರುಸ್ಬೇಕು ಅಂತ ಹೇಳೇ ಇಲ್ಲ’ ಎಂದು ಊಟದ ಹೊತ್ತು ಮೀರುವವರೆಗೂ ವಿವರಿಸಿದ. ಮಾರನೇ ದಿನ ಹುಡುಗ ಶಾಲೆಯಲ್ಲಿ ಪುಸ್ತಕದಲ್ಲಿದ್ದದ್ದನ್ನೂ ಇಲ್ಲದ್ದನ್ನೂ ಹೇಳಿದ. ಮನೆಗೆ ಪುಸ್ತಕ ಕೊಡಬೇಕು ಎಂದು ಹಟ ಹಿಡಿಯುವುದು ಇದಕ್ಕೇ. ಶಾಲೆಯಲ್ಲೇ ಕೂತು ಓದಿ ವಾಪಸ್ ಇಡಬೇಕೆಂದಿದ್ದರೆ ಆ ಅಜ್ಜನ ಬಾಯಿ ತೆರೆಯುತ್ತಿರಲಿಲ್ಲ.

ಅದೇ ಶಾಲೆಯ ಮಕ್ಕಳು ಲಿಪಿಯ ಕತೆ ಹೇಳುವ ಸಣ್ಣ ಪುಸ್ತಕವೊಂದನ್ನು ಓದಿದ ಮೇಲೆ ಮೇಷ್ಟ್ರು ಅವರನ್ನು ಹರಿಹರೇಶ್ವರ ದೇವಸ್ಥಾನಕ್ಕೆ ನಡೆಸಿಕೊಂಡು ಹೋದರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ಅರ್ಧ ಶಿವ ಅರ್ಧ ವಿಷ್ಣುವಾಗಿ ನಿಂತ ದೇವರನ್ನು ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಆವರಣದ ಶಾಸನ ಕಲ್ಲುಗಳನ್ನು ಮಾತ್ರ ಆ ದಿನ ಮೊದಲ ಸಲ ನೋಡಿದರು. ಕಲ್ಲಿನ ಮೇಲೆ ಬೆರಳಾಡಿಸಿ ‘ಇದು ರ’, ‘ಅಲ್ಲ, ಇದು ಗ’ ಎಂದು ಪಂದ್ಯ ಕಟ್ಟಿಕೊಂಡು ಒಂದಿಡೀ ಸಾಲಿನಲ್ಲಿ ನಾಲ್ಕೈದು ಅಕ್ಷರ ಬಿಡಿಸಿದರು. ಪುಸ್ತಕ ಓದಿಸುವುದಕ್ಕೆ ಬಹುಮಾನ, ಪದಕ, ಪ್ರಮಾಣಪತ್ರ ಎಂದು ಹುಡುಕುವವರಿಗೆ ಈ ಒಂದು ಮಧ್ಯಾಹ್ನ ನೋಡಲು ಸಿಗಬೇಕಿತ್ತು.

ಬಹುಮಾನದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎಷ್ಟು ಪುಸ್ತಕ ಓದಿದಿರಿ ಎಂದು ಎಣಿಸಿ ಬಹುಮಾನ ಕೊಡುವ ಕಡೆ ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಓದಿದ್ದಕ್ಕೆಲ್ಲ ಸಾರಾಂಶ ಬರೆದು ತನ್ನಿ ಎಂದರೆ ಪುಸ್ತಕ ಇನ್ನೊಂದು ಹೋಮ್‌ವರ್ಕ್ ಆಗುತ್ತದೆ, ಹಗ್ಗದ ಹತ್ತಿರ ಬರುವವರು ಕಡಿಮೆಯಾಗುತ್ತಾರೆ. ಪ್ರಾರ್ಥನೆಯ ಹೊತ್ತಿಗೆ ಪತ್ರಿಕೆಯ ತಲೆಬರಹ ಓದುವ ಹಳೆಯ ರೂಢಿ ನಮ್ಮ ಶಾಲೆಗಳಲ್ಲಿದೆ. ವಾರಕ್ಕೊಂದು ದಿನ ಆ ಜಾಗದಲ್ಲಿ ಒಬ್ಬ ವಿದ್ಯಾರ್ಥಿ ತಾನು ಓದಿದ ಪುಸ್ತಕದ ಬಗ್ಗೆ ಎರಡು ನಿಮಿಷ ಮಾತಾಡಿದರೆ ಸಾಕು. ಟೀಚರ್ ಹೊಗಳಿದ ಪುಸ್ತಕಕ್ಕಿಂತ ಪಕ್ಕದ ಬೆಂಚಿನವಳು ‘ರಾತ್ರಿ ಓದಬ್ಯಾಡ್ರಿ, ಹೆದರಿಕಿ ಆಗ್ತದ’ ಅಂದ ಪುಸ್ತಕಕ್ಕೆ ಸಾಲು ಉದ್ದ.

ಹರಿಹರದ ಸುತ್ತಲ ಹಳ್ಳಿಯ ಮಕ್ಕಳಿಗೆ ಶಾಲೆ ಬಿಟ್ಟರೆ ಇನ್ನೊಂದು ಬಾಗಿಲು ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದು 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಪೇಟೆಯ ಬಡ ಓಣಿಯ ಮಗುವಿಗೆ ಇಷ್ಟು ಹತ್ತಿರದ ಬಾಗಿಲು ಸಿಗುವುದು ಅಪರೂಪ. ನಗರದ ಗ್ರಂಥಾಲಯಕ್ಕೆ ಹೋಗಬೇಕೆಂದರೆ ಪಿ.ಬಿ. ರಸ್ತೆಯ ಲಾರಿ ಬಸ್ಸುಗಳ ನಡುವೆ ದಾಟಬೇಕು; ಹನ್ನೆರಡು ವರ್ಷದ ಹೆಣ್ಣುಮಗಳನ್ನು ಒಬ್ಬಳೇ ಯಾವ ತಾಯಿಯೂ ಕಳಿಸಲಾರಳು. ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಕಟ್ಟುವ ಊರಿನವರು, ಆ ಹಣದ ಪುಸ್ತಕ ತಮ್ಮ ವಾರ್ಡಿನ ಶಾಲೆಯವರೆಗೂ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ನಗರ ಗ್ರಂಥಾಲಯದಿಂದ ತಿಂಗಳಿಗೊಮ್ಮೆ ಒಂದು ಪೆಟ್ಟಿಗೆ ಪುಸ್ತಕ ಒಂದೊಂದು ಶಾಲೆಗೆ ಸುತ್ತಿದರೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕ, ಕತೆಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎನ್ನುತ್ತದೆ. ಕತೆಪುಸ್ತಕವನ್ನು ಹೆಸರಿಟ್ಟು ಬರೆದ ಕಾನೂನು ಅದು.

ಹನ್ನೊಂದೂವರೆಗೆ ಬೆಳಗಿನ ಶಾಲೆ ಬಿಡುವ ಗಂಟೆ. ಅದಕ್ಕೂ ಮೊದಲು ವರಾಂಡದ ಹಗ್ಗ ಸಡಿಲಾಗಬೇಕು, ಉಳಿದ ಪುಸ್ತಕ ಒಳಗೆ ಹೋಗಬೇಕು. ಒಂದು ಪುಸ್ತಕದ ರಕ್ಷಾಪುಟ ಕಿತ್ತುಬಂದಿದೆ. ಕಳೆದ ವರ್ಷ ತಂದದ್ದು, ಬೆನ್ನಿಗೆ ಆಗಲೇ ಮೂರು ಸಲ ಅಂಟುಪಟ್ಟಿ ಬಿದ್ದಿದೆ. ಟೀಚರ್ ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ, ಖುಷಿಯಿಂದ ಪಕ್ಕಕ್ಕೆ ಎತ್ತಿಡುತ್ತಾರೆ: ಇದರ ಇನ್ನೊಂದು ಪ್ರತಿ ತರಿಸಬೇಕು. ಮುಖ್ಯೋಪಾಧ್ಯಾಯರು ಈ ಸಲದ ಅನುದಾನಕ್ಕೆ ಪಟ್ಟಿ ಮಾಡುತ್ತಿದ್ದಾರೆ. ಏನೇನು ಬೇಕೆಂದು ಈ ಬಾರಿ ಮಕ್ಕಳನ್ನೇ ಕೇಳಿದ್ದಾರೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹತ್ತಾರು ಕೈಬರಹ: ದೆವ್ವದ ಕತೆ, ಹಾವು, ಕ್ರಿಕೆಟ್, ಬೈಕ್ ಎಂಜಿನ್ನು ಬಿಚ್ಚುವುದು, ಚಂದ್ರಯಾನ, ತುಂಗಭದ್ರಾ ಮೀನುಗಳು, ಹುಡುಗಿಯರೇ ಪತ್ತೇದಾರರಾಗಿರುವ ಕತೆ, ನಮ್ಮ ದಾವಣಗೆರೆ ಬಗ್ಗೆ ಯಾವುದಾದರೂ.

ಮುಖ್ಯೋಪಾಧ್ಯಾಯರು ಓದುತ್ತ ಓದುತ್ತ ಬರೆದುಕೊಳ್ಳುತ್ತಾರೆ. ‘ಹಾವಿನ ಪುಸ್ತಕ, ಒಂದು.’

ಕೀಲಿಯ ಹುಡುಗಿ ಬೀರುವಿನ ಬಾಗಿಲು ಎತ್ತಿ ಮುಚ್ಚುತ್ತಿದ್ದವಳು ಅಲ್ಲಿಂದಲೇ ಕೂಗುತ್ತಾಳೆ: ‘ಮೂರು ಬರ್ಕಳ್ರಿ ಸರ್. ಒಂದು ತಂದ್ರೆ ಇವರು ಜಗಳ ಆಡಿ ಹರಿತಾರೆ.’